ಕೊಟ್ಟವಳು ಕೋಡಂಗಿ, ಇಸಕೊಂಡವನು ವೀರಭದ್ರ!

ಸಣ್ಣ ಅಂಗಡಿ ಇಟ್ಟುಕೊಂಡವನಿಗೂ ಕಿರ್ದಿ ಬರೆಯುವುದು ಗೊತ್ತು. ಕೊಟ್ಟದ್ದು ಒಂದು ಕಡೆ, ತೆಗೆದುಕೊಂಡದ್ದು ಇನ್ನೊಂದು ಕಡೆ. ದೀಪ ಹಚ್ಚುವ ಹೊತ್ತಿಗೆ ಎರಡನ್ನೂ ಕೂಡಿ ನೋಡಿದರೆ ಯಾರ ಬಾಕಿ ಯಾರ ಮೇಲೆ ಎಂಬುದು ತಾನಾಗಿ ತಿಳಿಯುತ್ತದೆ. ಈ ದೇಶದ ಒಂದು ಕಿರ್ದಿಯನ್ನು ಇಂದು ಓದುಗರ ಮುಂದೆ ಬಿಚ್ಚಿಡುತ್ತಿದ್ದೇವೆ. ಅದರಲ್ಲಿ ಕೊಟ್ಟದ್ದೂ ತೆಗೆದುಕೊಂಡದ್ದೂ ರೂಪಾಯಿಯಲ್ಲ, ಮನುಷ್ಯರ ಅಂಗಗಳು.

2019ರಿಂದ 2023ರ ವರೆಗಿನ ಐದು ವರ್ಷಗಳಲ್ಲಿ ಭಾರತದಲ್ಲಿ ಬದುಕಿರುವ ಜನ ತಮ್ಮ ದೇಹದಿಂದ ಕೊಟ್ಟ ಅಂಗಗಳ ಸಂಖ್ಯೆ 56,509. ಅವುಗಳಲ್ಲಿ ಬಹುಪಾಲು ಮೂತ್ರಪಿಂಡ, ಅಂದರೆ ನಾವೆಲ್ಲ ಆಡುವ ಮಾತಿನಲ್ಲಿ ಕಿಡ್ನಿ. ಉಳಿದದ್ದು ಯಕೃತ್ತಿನ ತುಂಡು. ಈ ಲೆಕ್ಕ ನಮ್ಮ ಕೈಬರಹವಲ್ಲ, ಕೇಂದ್ರ ಸರಕಾರದ ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯದು. ಕೊಟ್ಟವರಲ್ಲಿ ಹೆಂಗಸರು 36,038. ನೂರಕ್ಕೆ 64ರ ಹತ್ತಿರ. ಇನ್ನು ಪಡೆದವರ ಕಡೆ ನೋಡಿರಿ: ಗಂಡಸರು 39,447, ಹೆಂಗಸರು 17,041, ನೂರಕ್ಕೆ 30. ಹೆಂಗಸರು ಕೊಟ್ಟದ್ದರಲ್ಲಿ ಅವರು ಪಡೆದದ್ದನ್ನು ಕಳೆದರೆ ಉಳಿಯುವ ಬಾಕಿ ಸುಮಾರು 19,000 ಅಂಗಗಳು.

ಇದಕ್ಕೂ ಹಿಂದಿನ ಪುಟ ಇನ್ನೂ ಕಠೋರ. 1995ರಿಂದ 2021ರ ವರೆಗೆ ಅದೇ ಸಂಸ್ಥೆಯ ದಾಖಲೆಗೆ ಸೇರಿದ್ದ 36,640 ಕಸಿಗಳಲ್ಲಿ (ದೇಶದಲ್ಲಿ ನಡೆದವೆಲ್ಲ ಅದಕ್ಕೆ ಸೇರಿರಲಿಲ್ಲ) ಗಂಡಸರಿಗೆ ಸಂದದ್ದು 29,695, ಹೆಂಗಸರಿಗೆ 6,945. ನೂರರಲ್ಲಿ 81 ಅವನಿಗೆ, 19 ಅವಳಿಗೆ.

ಕೊಟ್ಟವನು ಕೋಡಂಗಿ, ಇಸಕೊಂಡವನು ವೀರಭದ್ರ ಎಂಬ ಗಾದೆಯನ್ನು ಕಟ್ಟಿದವರು ಸಾಲಗಾರನನ್ನು ನೆನೆದು ಕಟ್ಟಿದರು. ಇಲ್ಲಿ ಕೊಟ್ಟವಳು ಹೆಂಡತಿ, ತಾಯಿ, ಅಕ್ಕ. ಇಸಕೊಂಡವನು ನಮ್ಮ ನಿಮ್ಮಂಥವನು. ಆದುದರಿಂದ ಈ ಮಾತು ವೈದ್ಯರಿಗಿಂತ ಮೊದಲು ಗಿರಣಿಯಲ್ಲಿ ಪಾಳಿ ಮಾಡುವವರಿಗೆ, ಸಂತೆಯಲ್ಲಿ ತಕ್ಕಡಿ ಹಿಡಿಯುವವರಿಗೆ.

ಕಾಯಿಲೆ ಯಾರದು?

ಮೊದಲು ಎದುರಾಳಿಯ ವಾದವನ್ನೇ ಕೇಳೋಣ. “ಕಿಡ್ನಿ ಕೈಕೊಡುವುದು ಗಂಡಸರಿಗೇ ಹೆಚ್ಚು, ಅದಕ್ಕೇ ಕಸಿಯೂ ಅವರಿಗೇ ಹೆಚ್ಚು” ಎನ್ನುವವರಿದ್ದಾರೆ. ಇದರಲ್ಲಿ ಅರ್ಧ ಸತ್ಯ ಉಂಟು. ಗಂಡಸಿನ ಮೂತ್ರಪಿಂಡ ಒಮ್ಮೆ ಕೆಡಲು ತೊಡಗಿದರೆ ಸಾಮಾನ್ಯವಾಗಿ ಹೆಂಗಸಿನದಕ್ಕಿಂತ ಬೇಗ ಕೆಡುತ್ತದೆ. ಕಾರಣಗಳಲ್ಲಿ ಕೆಲವು ದೇಹದವು, ಕೆಲವು ಬೀಡಿ-ಹೆಂಡದವು. ಡಯಾಲಿಸಿಸ್ ಮುಟ್ಟುವ ಮೊದಲೇ ಹೃದಯ ನಿಂತು ಸಾಯುವ ಗಂಡಸರೂ ಹೆಚ್ಚು. ಇದನ್ನು ಮುಚ್ಚಿಟ್ಟು ವಾದ ಗೆಲ್ಲುವ ಹಂಬಲ ನಮಗಿಲ್ಲ.

ಆದರೆ ಉಳಿದರ್ಧವನ್ನು ಅವರು ಏಕೆ ಹೇಳುವುದಿಲ್ಲ? ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವವರನ್ನು ಎಣಿಸಿದಾಗ ಜಗತ್ತಿನಲ್ಲಿ ಹೆಂಗಸರೇ ಹೆಚ್ಚು. 2018ರ ಮಾರ್ಚ್ 8ರಂದು ವಿಶ್ವ ಮೂತ್ರಪಿಂಡ ದಿನವೂ ಅಂತಾರಾಷ್ಟ್ರೀಯ ಮಹಿಳಾ ದಿನವೂ ಒಟ್ಟಿಗೆ ಬಂದವು. ಅಂದು ವೈದ್ಯ ಸಂಘಗಳು ಲೋಕದ ಮುಂದಿಟ್ಟ ಅಂದಾಜು: ಈ ಕಾಯಿಲೆಯುಳ್ಳ ಹೆಂಗಸರು 19 ಕೋಟಿ 50 ಲಕ್ಷ, ಅದರಿಂದ ಸಾಯುವ ಹೆಂಗಸರು ವರ್ಷಕ್ಕೆ 6 ಲಕ್ಷ. ಬಸುರಿನಲ್ಲಿ ಏರುವ ರಕ್ತದೊತ್ತಡ, ನಂಜೇರಿದ ಗರ್ಭಪಾತ, ಹತ್ತು ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರೇ ಆಗಿರುವ ಲೂಪಸ್ ಎಂಬ ಕಾಯಿಲೆ, ಇವೆಲ್ಲ ಮೂತ್ರಪಿಂಡವನ್ನು ತಿನ್ನುವ ದಾರಿಗಳೇ.

ಹಾಗಾದರೆ ಕಾಯಿಲೆಯ ಸಾಲಿನಲ್ಲಿ ಮುಂದಿದ್ದವಳು ಚಿಕಿತ್ಸೆಯ ಸಾಲಿನಲ್ಲಿ ಎಲ್ಲಿ ಹೋದಳು? 12 ಶ್ರೀಮಂತ ದೇಶಗಳಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಎರಡು ಲಕ್ಷಕ್ಕೂ ಮೇಲ್ಪಟ್ಟ ರೋಗಿಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ನೂರಕ್ಕೆ 59 ಗಂಡಸರು, 41 ಹೆಂಗಸರು. ಈ ವ್ಯತ್ಯಾಸದಲ್ಲಿ ಒಂದು ಪಾಲನ್ನು ದೇಹದ ತಲೆಗೆ ಕಟ್ಟಬಹುದು. ಆದರೆ ನಮ್ಮ ಕಸಿಯ ದಾಖಲೆಯ 81ಕ್ಕೆ 19ನ್ನು ಯಾವ ದೇಹದ ತಲೆಗೆ ಕಟ್ಟುವಿರಿ? ಅಮೆರಿಕದ ಹೆಂಗಸಿನ ಮೈ ಬೇರೆ, ಭಾರತದ ಹೆಂಗಸಿನ ಮೈ ಬೇರೆಯೇ?

ವೈದ್ಯರು ಹೇಳುವ ಇನ್ನೊಂದು ಕಾರಣವೂ ನಿಜವೇ. ಬಸುರಾದ ಹೆಂಗಸಿನ ರಕ್ತದಲ್ಲಿ ಮಗುವಿನ ಮೂಲಕ ಗಂಡನ ಅಂಶಕ್ಕೆ ಎದುರು ನಿಲ್ಲುವ ಪ್ರತಿಕಾಯಗಳು ಹುಟ್ಟಬಹುದು; ಮುಂದೆ ಗಂಡನ ಅಥವಾ ಮಗನ ಮೂತ್ರಪಿಂಡ ಅವಳಿಗೆ ಒಗ್ಗದೆ ಹೋಗಬಹುದು. ಇಂಥವರಿಗಾಗಿಯೇ ಎರಡು ಸಂಸಾರಗಳು ಪರಸ್ಪರ ಅದಲುಬದಲು ಮಾಡಿಕೊಳ್ಳುವ ಕಸಿಗೆ 2011ರ ತಿದ್ದುಪಡಿ ದಾರಿ ಬಿಟ್ಟಿದೆ. ಆದರೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗಬೇಕಾದರೆ ಗಂಡ ಮೊದಲು ಪರೀಕ್ಷೆಗೆ ತೋಳು ಚಾಚಬೇಕಲ್ಲ!

ಒಂದೇ ಚೀಟಿ, ಎರಡು ದೇಹ

ಮೋಸ ಕಸಿಯ ಹೊತ್ತಿಗೆ ಶುರುವಾಗುವುದಿಲ್ಲ. ಅದು ರಕ್ತಪರೀಕ್ಷೆಯ ಚೀಟಿಯಲ್ಲೇ ಶುರುವಾಗುತ್ತದೆ.

ಮೂತ್ರಪಿಂಡ ಎಷ್ಟು ಕೆಟ್ಟಿದೆ ಎಂದು ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಸವನ್ನು ಅಳೆಯುತ್ತಾರೆ. ಈ ಕಸ ಹುಟ್ಟುವುದು ಮಾಂಸಖಂಡದಲ್ಲಿ. ಗಂಡಸಿಗೆ ಮಾಂಸಖಂಡ ಹೆಚ್ಚು, ಕಸವೂ ಹೆಚ್ಚು. ಹೆಂಗಸಿಗೆ ಎರಡೂ ಕಡಿಮೆ. ಆದಕಾರಣ ಇಬ್ಬರ ಚೀಟಿಯಲ್ಲೂ ಒಂದೇ ಅಂಕಿ ಬಂದರೆ ಅವಳ ಮೂತ್ರಪಿಂಡ ಹೆಚ್ಚು ಕೆಟ್ಟಿದೆ ಎಂದೇ ಅರ್ಥ. 60 ವರ್ಷದ ಗಂಡಸಿಗೂ 60 ವರ್ಷದ ಹೆಂಗಸಿಗೂ ಕ್ರಿಯಾಟಿನಿನ್ 1.3 ಇದೆ ಎನ್ನಿ. ವೈದ್ಯರು ಈಗ ಬಳಸುವ 2021ರ ಸೂತ್ರಕ್ಕೆ ಹಾಕಿದರೆ ಅವನ ಮೂತ್ರಪಿಂಡದ ಸೋಸುವ ಶಕ್ತಿ ಸುಮಾರು 63, ಅವಳದು ಸುಮಾರು 47. ಮೂರು ತಿಂಗಳ ಮೇಲೂ 60ಕ್ಕಿಂತ ಕೆಳಗೆ ನಿಂತರೆ ಅದು ಕಾಯಿಲೆ. 15ಕ್ಕಿಂತ ಕೆಳಗಿಳಿದರೆ ಮೂತ್ರಪಿಂಡ ಸೋತಂತೆ. ಒಂದೇ 1.3, ಒಬ್ಬನು ಗೆರೆಯಿಂದ ಈಚೆ, ಒಬ್ಬಳು ಗೆರೆಯಿಂದಾಚೆ! ಸೂತ್ರಕ್ಕೆ ಹಾಕದೆ ಬರೀ ಅಂಕಿಯನ್ನು ನೋಡಿ “ಸ್ವಲ್ಪ ಜಾಸ್ತಿ, ಹೆದರಬೇಡಮ್ಮ” ಎಂದು ಕಳುಹಿಸಿದರೆ ಅವಳು ಕಳೆದುಕೊಳ್ಳುವುದು ವರ್ಷಗಳನ್ನು.

ಅದರ ಮೇಲೆ ರಕ್ತಹೀನತೆ. ರಕ್ತ ಹುಟ್ಟಿಸಲು ಬೇಕಾದ ಹಾರ್ಮೋನನ್ನು ಮಾಡುವುದೂ ಮೂತ್ರಪಿಂಡವೇ. ಅದು ಕೆಟ್ಟರೆ ಮುಖ ಬಿಳಿಚುತ್ತದೆ, ಸುಸ್ತು ಹಿಡಿಯುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಗಂಡಸು ಹೀಗಾದರೆ ಮನೆಯವರು ಗಾಬರಿಯಾಗುತ್ತಾರೆ. ಹೆಂಗಸು ಹೀಗಾದರೆ ಯಾರಿಗೂ ಹೊಸತೆನಿಸುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು, ಗಂಡಸರಲ್ಲಿ 25. ಇಡೀ ಬೀದಿಯ ಹೆಂಗಸರೇ ಬಿಳಿಚಿಕೊಂಡಿರುವಾಗ ಅವರಲ್ಲಿ ಮೂತ್ರಪಿಂಡ ಕೆಟ್ಟವಳು ಯಾರು ಎಂದು ಕಾಣುವುದು ಹೇಗೆ? ಕಬ್ಬಿಣದ ಮಾತ್ರೆ ಕೈಗಿಟ್ಟು ಕಳುಹಿಸುತ್ತಾರೆ. ಮೂತ್ರದಲ್ಲಿ ಸಸಾರಜನಕ ಹೋಗುತ್ತಿದೆಯೇ ಎಂದು ನೋಡುವ ಅಗ್ಗದ ಪರೀಕ್ಷೆಯೊಂದು ಉಳಿದೇ ಹೋಗುತ್ತದೆ.

ಯಂತ್ರ ಮುಟ್ಟಿದ ಮೇಲೂ

ಅಂತೂ ಇಂತೂ ಡಯಾಲಿಸಿಸ್ ಯಂತ್ರದ ಬಳಿಗೆ ಬಂದವಳ ಗತಿ ಏನು? ಸಾಮಾನ್ಯ ಬದುಕಿನಲ್ಲಿ ಹೆಂಗಸು ಗಂಡಸಿಗಿಂತ ಹೆಚ್ಚು ಕಾಲ ಬದುಕುತ್ತಾಳೆ. ಭಾರತದಲ್ಲಿ 2016-20ರ ಲೆಕ್ಕಕ್ಕೆ ಗಂಡಸಿನ ಸರಾಸರಿ ಆಯುಷ್ಯ 68.6 ವರ್ಷ, ಹೆಂಗಸಿನದು 71.4. ಆದರೆ ಡಯಾಲಿಸಿಸ್ ಹಾಸಿಗೆಯ ಮೇಲೆ ಈ ಅಂತರ ಅಳಿಸಿಹೋಗುತ್ತದೆಂದು ದೇಶವಿದೇಶಗಳ ಲೆಕ್ಕ ತೋರಿಸಿದೆ. ಅಲ್ಲಿ ಇಬ್ಬರೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಸಾಯುತ್ತಾರೆ. ನಿಸರ್ಗ ಅವಳಿಗೆ ಕೊಟ್ಟಿದ್ದ ಮೇಲುಗೈಯನ್ನು ಕಾಯಿಲೆಯೂ ಚಿಕಿತ್ಸೆಯೂ ಸೇರಿ ಕಿತ್ತುಕೊಂಡವು.

ಹೇಗೆಂದರೆ, ಡಯಾಲಿಸಿಸ್‌ಗೆ ಒಳ್ಳೆಯ ದಾರಿ ತೋಳಿನ ರಕ್ತನಾಳಗಳನ್ನು ಕೂಡಿಸಿ ಮಾಡುವ ಫಿಸ್ಟುಲಾ. ಅದು ಬಲಿಯಲು ವಾರಗಟ್ಟಲೆ ಬೇಕು. ಆದ್ದರಿಂದ ಮೊದಲೇ ಬಂದು ಮಾಡಿಸಿಕೊಳ್ಳಬೇಕು. ಹೆಂಗಸಿನ ರಕ್ತನಾಳ ಸಣ್ಣದು, ಫಿಸ್ಟುಲಾ ಕೂಡಿಬರುವುದು ಕಷ್ಟ. ತಡವಾಗಿ ಬಂದವಳಿಗಂತೂ ಕುತ್ತಿಗೆಯಲ್ಲಿ ಕೊಳವೆ ತೂರಿಸುವುದೊಂದೇ ದಾರಿ. ಆ ಕೊಳವೆಯೇ ನಂಜಿಗೆ ಬಾಗಿಲು. ಇನ್ನು ಪ್ರಮಾಣದ ಮಾತು. ಎಷ್ಟು ಡಯಾಲಿಸಿಸ್ ಸಾಕು ಎಂಬುದನ್ನು ದೇಹದಲ್ಲಿರುವ ನೀರಿನ ಲೆಕ್ಕದಲ್ಲಿ ಅಳೆಯುತ್ತಾರೆ. ಹೆಂಗಸಿನ ಮೈಯಲ್ಲಿ ನೀರಿನ ಪಾಲು ಕಡಿಮೆ; ಆ ಅಳತೆಗೆ ಸ್ವಲ್ಪವೇ ತೊಳೆದರೂ “ಸಾಕು” ಎಂದು ತೋರುತ್ತದೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡದೊಂದು ಪ್ರಯೋಗದಲ್ಲಿ ಪ್ರಮಾಣ ಹೆಚ್ಚಿಸಿದ್ದರಿಂದ ಒಟ್ಟಾರೆ ಲಾಭವಾಗಲಿಲ್ಲ; ಆದರೆ ಹೆಂಗಸರನ್ನು ಬೇರೆಯಾಗಿ ಎಣಿಸಿದಾಗ ಅವರಲ್ಲಿ ಸಾವು ಕಡಿಮೆಯಾದಂತೆ ಕಂಡಿತು. ಬೇರೆಯಾಗಿ ಎಣಿಸದಿದ್ದರೆ ಅದು ಕಾಣುತ್ತಲೇ ಇರಲಿಲ್ಲ. ಇನ್ನೊಬ್ಬನ ಮೈಗೆ ಹೊಲಿದ ಅಂಗಿಯನ್ನು ಇವಳಿಗೆ ತೊಡಿಸಿದರೆ ಸರಿಹೋಗದು.

ಸಿಯಾಟಲ್‌ನ ಏಳು ಮಂದಿ

ಯಂತ್ರ ಯಾರಿಗೆ, ಸಾವು ಯಾರಿಗೆ ಎಂದು ನಿರ್ಧರಿಸುವವರು ಯಾರು? ಈ ಪ್ರಶ್ನೆ ಮೊದಲು ಬಯಲಿಗೆ ಬಂದದ್ದು ಅಮೆರಿಕದಲ್ಲಿ. 1960ರಲ್ಲಿ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿಗೆ ಸದಾ ಕೂಡಿಸಿಡಬಹುದಾದ ಕೊಳವೆಯನ್ನು ಕಂಡುಹಿಡಿದು, ಡಯಾಲಿಸಿಸ್‌ನಿಂದ ವರ್ಷಗಟ್ಟಲೆ ಬದುಕಿಸುವುದನ್ನು ಸಾಧ್ಯ ಮಾಡಿದ. ಯಂತ್ರಗಳು ಬೆರಳೆಣಿಕೆಯಷ್ಟು, ರೋಗಿಗಳು ನೂರಾರು. ಆಗ ಏಳು ಮಂದಿಯ ಸಮಿತಿಯೊಂದನ್ನು ಕೂಡಿಸಿದರು: ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವ, ಒಬ್ಬ ಸರಕಾರಿ ಅಧಿಕಾರಿ, ಒಬ್ಬ ಶಸ್ತ್ರವೈದ್ಯ, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ಮುಖಂಡ. ರೋಗಿ ಗಂಡಸೋ ಹೆಂಗಸೋ, ಮದುವೆಯಾಗಿದೆಯೋ, ಎಷ್ಟು ಮಂದಿ ನಂಬಿಕೊಂಡಿದ್ದಾರೆ, ವರಮಾನವೆಷ್ಟು, ಆಸ್ತಿಯೆಷ್ಟು, ಉದ್ಯೋಗವೇನು ಎಂದೆಲ್ಲ ತೂಗಿ ಅವರು ಬದುಕನ್ನು ಹಂಚಿದರು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಬಯಲು ಮಾಡಿದಾಗ ದೇಶವೇ ಬೆಚ್ಚಿತು. 1967ರ ಲೆಕ್ಕಕ್ಕೆ ಅಮೆರಿಕದಲ್ಲಿ ಡಯಾಲಿಸಿಸ್ ಮೇಲಿದ್ದವರಲ್ಲಿ ಮುಕ್ಕಾಲು ಪಾಲು ಗಂಡಸರು.

ಆಮೇಲೆ ಏನಾಯಿತು? 1972ರಲ್ಲಿ ಆ ದೇಶದ ಸಂಸತ್ತು ಕಾನೂನು ಮಾಡಿ, ಮೂತ್ರಪಿಂಡ ಸೋತವರ ಚಿಕಿತ್ಸೆಯ ಖರ್ಚನ್ನು ಸರಕಾರದ ಬೊಕ್ಕಸಕ್ಕೆ ವಹಿಸಿತು. 1978ರ ಹೊತ್ತಿಗೆ ಡಯಾಲಿಸಿಸ್ ಮೇಲಿದ್ದವರಲ್ಲಿ ಹೆಂಗಸರು ಹತ್ತಿರ ಹತ್ತಿರ ಅರ್ಧದಷ್ಟಾದರು. ಹತ್ತು ವರ್ಷದಲ್ಲಿ ಹೆಂಗಸಿನ ದೇಹ ಬದಲಾಯಿತೇ? ಇಲ್ಲ, ಹಣ ಕೊಡುವ ಕೈ ಬದಲಾಯಿತು. ಬಂಡವಾಳಶಾಹಿಯ ತವರುಮನೆಯಲ್ಲೇ ಕಲಿತ ಪಾಠವಿದು: ಬದುಕಿನ ಬೆಲೆಯನ್ನು ಸಮಾಜ ಹೊತ್ತುಕೊಂಡಾಗ ಹೆಂಗಸೂ ಯಂತ್ರದ ಬಳಿ ಕಾಣಿಸಿಕೊಳ್ಳುತ್ತಾಳೆ.

ಸಿಯಾಟಲ್‌ನ ಸಮಿತಿಯನ್ನು ಬೈಯುವುದು ಸುಲಭ. ನಮ್ಮಲ್ಲಿ ಅಂಥ ಸಮಿತಿ ಒಂದಲ್ಲ, ಮನೆಗೊಂದು ಕೂತಿದೆ. ಅದರಲ್ಲಿ ಏಳು ಮಂದಿಯೂ ಇಲ್ಲ, ನಡವಳಿಕೆಯ ಪುಸ್ತಕವೂ ಇಲ್ಲ, ಬಯಲಿಗೆಳೆಯಲು ಪತ್ರಿಕೆಯೂ ಇಲ್ಲ.

ಮಾಲೀಕನ ಲೆಕ್ಕ ನಮ್ಮ ಮನೆಯಲ್ಲಿ

ಆ ಸಮಿತಿಯ ತೀರ್ಪು ಒಂದೇ ವಾಕ್ಯದ್ದು: “ದುಡಿಯುವವನು ಉಳಿಯಬೇಕು.” ಕೇಳಲು ನ್ಯಾಯವೆನಿಸುತ್ತದೆ. ಆದರೆ ದುಡಿಯುವವರು ಯಾರು? ನಸುಕಿಗೆ ಎದ್ದು ನೀರು ಹೊತ್ತು, ರೊಟ್ಟಿ ಬಡಿದು, ಮೊದಲ ಪಾಳಿಗೆ ಬುತ್ತಿ ಕಟ್ಟಿಕೊಟ್ಟವಳು ದುಡಿಯಲಿಲ್ಲವೇ? ಮನೆಯಲ್ಲಿ ಕೂತು ಬೀಡಿ ಸುತ್ತಿದವಳು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದವಳು, ಗಂಡ ಮಾಲು ತರಲು ಹೋದಾಗ ದಿನವಿಡೀ ಅಂಗಡಿ ಕಾದವಳು ದುಡಿಯಲಿಲ್ಲವೇ? ಮಸ್ಟರಿನಲ್ಲಿ ಹೆಸರಿಲ್ಲದ ದುಡಿಮೆ ದುಡಿಮೆಯೇ ಅಲ್ಲ ಎನ್ನುವುದು ಗಿರಣಿ ಮಾಲೀಕನ ಲೆಕ್ಕ. ಬದಲಿ ಕಾರ್ಮಿಕನಿಗೆ ರಜೆ ಇಲ್ಲ, ಕಾಯಿಲೆ ಬಿದ್ದವನಿಗೆ ಪಗಾರ ಇಲ್ಲ ಎಂದಾಗ ಗೇಟಿನ ಮುಂದೆ ಕೂಗಿ ವಿರೋಧಿಸಿದ ನಾವು, ಅದೇ ಲೆಕ್ಕವನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದು ಹೆಂಡತಿಯ ಮೇಲೆ ಹೂಡುತ್ತೇವೆ. ಇದು ಸಮಾಜವಾದವಲ್ಲ, ಇದು ಗೇಟಿನ ಹೊರಗೆ ಬಂದ ಮಾಲೀಕತನ.

“ಅವಳೇ ಬೇಡವೆಂದಳು, ಅವಳೇ ಕೊಡುತ್ತೇನೆಂದಳು” ಎಂಬ ಮಾತು ಮತ್ತೊಂದು. ತನ್ನ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲದವಳು, ಗಂಡ ಸತ್ತರೆ ನಿಲ್ಲಲು ನೆಲೆಯಿಲ್ಲದವಳು “ನನ್ನದು ತೆಗೆದುಕೊಳ್ಳಿ” ಎಂದರೆ ಅದರಲ್ಲಿ ಪ್ರೀತಿಯೆಷ್ಟು, ಹೆದರಿಕೆಯೆಷ್ಟು ಎಂದು ತೂಗುವ ತಕ್ಕಡಿ ಯಾರ ಬಳಿ ಇದೆ? ಪ್ರೀತಿಯನ್ನು ನಾವು ಹಳಿಯುತ್ತಿಲ್ಲ. ಆದರೆ ಪ್ರೀತಿ ಇರುವುದು ಹೆಂಗಸರಿಗೆ ಮಾತ್ರವೇ? 36,038ಕ್ಕೆ ಎದುರಾಗಿ ಗಂಡಸರ ಕೊಡುಗೆ 20,471 ಏಕಾಯಿತು? ಕಾನೂನಿಗೂ ಈ ಗುಮಾನಿ ಇದೆ. ಅಂಗಾಂಗ ಕಸಿಯ 1994ರ ಕಾಯಿದೆಯಡಿ 2014ರಲ್ಲಿ ಮಾಡಿದ ನಿಯಮಗಳು, ದಾನಿ ಹೆಂಗಸಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದ ಬೇರೆಯವರಿಂದ ಖಚಿತಪಡಿಸಿಕೊಳ್ಳಬೇಕು ಎನ್ನುತ್ತವೆ. ನಿಯಮ ಪುಸ್ತಕದಲ್ಲಿದೆ. ಕೇಳುವ ಕೋಣೆಯ ಹೊರಗೆ ಮಾವನೂ ಮೈದುನನೂ ಕಾದು ನಿಂತಿದ್ದರೆ ಆ ಒಪ್ಪಿಗೆ ಎಷ್ಟು ಸ್ವತಂತ್ರ?

ಸರಕಾರದ ಅರ್ಧ ಔದಾರ್ಯ

ಬಡವನ ಮನೆಯ ತಪ್ಪನ್ನೇ ಎತ್ತಿ ಆಡಿ ಸರಕಾರವನ್ನು ಬಿಟ್ಟುಬಿಡುವುದು ನಮ್ಮ ಉದ್ದೇಶವಲ್ಲ. ಕೈಯಲ್ಲಿ ಒಂದೇ ರೊಟ್ಟಿ ಇರುವ ಮನೆಯಲ್ಲಿ ಹಂಚಿಕೆ ನ್ಯಾಯವಾಗಿ ನಡೆಯಲಿ ಎಂದು ಉಪದೇಶ ಮಾಡುವುದು ಹೊಟ್ಟೆ ತುಂಬಿದವರ ಕೆಲಸ.

2016ರ ಕೇಂದ್ರ ಮುಂಗಡಪತ್ರದಲ್ಲಿ ಅರ್ಥಮಂತ್ರಿಗಳೇ ಹೇಳಿದರು: ವರ್ಷಕ್ಕೆ 2.2 ಲಕ್ಷ ಜನರ ಮೂತ್ರಪಿಂಡ ಹೊಸದಾಗಿ ಸೋಲುತ್ತದೆ, ಡಯಾಲಿಸಿಸ್‌ಗೆ ಒಬ್ಬೊಬ್ಬರಿಗೂ ವರ್ಷಕ್ಕೆ 3 ಲಕ್ಷ ರೂಪಾಯಿಗೂ ಮೀರಿ ತಗಲುತ್ತದೆ ಎಂದು. ಆ ವರ್ಷವೇ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತವೆಂಬ ಕಾರ್ಯಕ್ರಮ ಬಂತು. ಒಳ್ಳೆಯದೇ, ಅದರಿಂದ ಉಳಿದ ಜೀವಗಳುಂಟು. ಆದರೆ ಉಚಿತವಾದದ್ದು ಯಂತ್ರ ಮಾತ್ರ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ವರ್ಷಕ್ಕೆ 156 ದಿನ. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬಸ್ಸಿನ ಚಾರ್ಜು ಯಾರು ಕೊಡುತ್ತಾರೆ? ಗಂಡಸು ರೋಗಿಯಾದರೆ ಹೆಂಡತಿ ಜೊತೆಗೆ ಹೋಗುತ್ತಾಳೆ. ಅವಳ ಆ ದಿನಕ್ಕೆ ಬೆಲೆ ಕಟ್ಟಿದವರಿಲ್ಲ. ಹೆಂಗಸು ರೋಗಿಯಾದರೆ ಗಂಡನೋ ಮಗನೋ ಹೋಗಬೇಕು, ಆ ದಿನದ ಕೂಲಿ ಹೋಯಿತು, ಅಂಗಡಿಯ ಬಾಗಿಲು ಮುಚ್ಚಿತು. ಗಿರಣಿ ಕಾರ್ಮಿಕನಿಗೆ ಇ.ಎಸ್.ಐ. ಇದೆ, ಅದರ ಚೀಟಿಯಲ್ಲಿ ಹೆಂಡತಿಯ ಚಿಕಿತ್ಸೆಗೂ ಹಕ್ಕಿದೆ. ಆದರೆ ಕಾಯಿಲೆ ಭತ್ಯೆ ಸಿಗುವುದು ತಾನೇ ಮಲಗಿದಾಗ ಮಾತ್ರ. ಹೆಂಡತಿಯನ್ನು ಕರೆದೊಯ್ದ ದಿನಕ್ಕಿಲ್ಲ. ಸಣ್ಣ ವ್ಯಾಪಾರಿಗಂತೂ ಅದೂ ಇಲ್ಲ. ಮೂರು ಸಲದ ಡಯಾಲಿಸಿಸ್ ಎರಡಾಗುವುದು, ಎರಡು ಒಂದಾಗುವುದು, ಆಮೇಲೆ ನಿಲ್ಲುವುದು ಹೀಗೆ. ಮರಣಪತ್ರದಲ್ಲಿ ಮಾತ್ರ ಕಾರಣ “ಮೂತ್ರಪಿಂಡ ವೈಫಲ್ಯ”.

2025ರ ಆಗಸ್ಟ್‌ನಲ್ಲಿ ಕಸಿ ಸಂಸ್ಥೆ ರಾಜ್ಯಗಳಿಗೆ ಒಂದು ಸಲಹೆ ಕಳುಹಿಸಿತು: ಅಂಗಕ್ಕಾಗಿ ಕಾದಿರುವ ಪಟ್ಟಿಯಲ್ಲಿ ಹೆಂಗಸರಿಗೆ ಆದ್ಯತೆ ಕೊಡಿ ಎಂದು. ಅನ್ಯಾಯ ನಡೆದಿದೆ ಎಂದು ಸರಕಾರ ಒಪ್ಪಿಕೊಂಡಂತಾಯಿತು. ಅಷ್ಟರ ಮಟ್ಟಿಗೆ ಸ್ವಾಗತ. ಆದರೆ ಆ ಪಟ್ಟಿಯಿಂದ ಹಂಚುವುದು ಸತ್ತವರಿಂದ ಬಂದ ಅಂಗಗಳನ್ನು. ನಮ್ಮ ದೇಶದಲ್ಲಿ ಬಹುಪಾಲು ಕಸಿ ನಡೆಯುವುದು ಬದುಕಿರುವವರ ಅಂಗದಿಂದ, ಮನೆಯೊಳಗಿನ ಹಂಚಿಕೆಯಿಂದ. ಸರಕಾರದ ಸಲಹೆ ಹೊಸ್ತಿಲಾಚೆ ನಿಂತಿತು. ಹೊಸ್ತಿಲೊಳಗೆ ಹಳೆಯ ತೀರ್ಪೇ ನಡೆದಿದೆ.

ನಮ್ಮ ಬೇಡಿಕೆ

ಜಿಲ್ಲಾ ಆಸ್ಪತ್ರೆಯ ಮುಂದೆಯೂ ವಿಧಾನಸೌಧದ ಮುಂದೆಯೂ ಇಡಬೇಕಾದ ಬೇಡಿಕೆಗಳು ಇವು:

ಒಂದು, ರಕ್ತಪರೀಕ್ಷೆಯ ಪ್ರತಿ ಚೀಟಿಯಲ್ಲೂ ಕ್ರಿಯಾಟಿನಿನ್ ಜೊತೆಗೆ ಗಂಡು ಹೆಣ್ಣೆಂಬ ಭೇದ ಹಿಡಿದು ಲೆಕ್ಕ ಹಾಕಿದ ಸೋಸುವ ಶಕ್ತಿಯನ್ನೂ ಬರೆಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ರಕ್ತಹೀನತೆಯುಳ್ಳ ಹೆಂಗಸರಿಗೂ, ಬಸುರಿನಲ್ಲಿ ರಕ್ತದೊತ್ತಡ ಏರಿದ್ದವರಿಗೂ ವರ್ಷಕ್ಕೊಮ್ಮೆ ಮೂತ್ರಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಬೇಕು.

ಎರಡು, ಡಯಾಲಿಸಿಸ್ ರೋಗಿಗೂ ಜೊತೆಗೆ ಬರುವವರಿಗೂ ಬಸ್ಸಿನ ಪ್ರಯಾಣ ಉಚಿತವಾಗಬೇಕು; ಜೊತೆ ಬಂದವರಿಗೆ ಆ ದಿನದ ಕೂಲಿ ಕೊಡಬೇಕು. ಇ.ಎಸ್.ಐ.ಯಲ್ಲಿ ಕುಟುಂಬದವರ ಡಯಾಲಿಸಿಸ್ ದಿನಕ್ಕೂ ಭತ್ಯೆ ಸಿಗಬೇಕು.

ಮೂರು, ಪ್ರತಿ ಡಯಾಲಿಸಿಸ್ ಕೇಂದ್ರವೂ ಪ್ರತಿ ಕಸಿ ಆಸ್ಪತ್ರೆಯೂ ಎಷ್ಟು ಗಂಡಸರು, ಎಷ್ಟು ಹೆಂಗಸರು ಬಂದರು, ಎಷ್ಟು ಮಂದಿ ನಡುವೆ ನಿಲ್ಲಿಸಿದರು, ಯಾರು ಕೊಟ್ಟರು, ಯಾರು ಪಡೆದರು ಎಂಬ ಲೆಕ್ಕವನ್ನು ವರ್ಷ ವರ್ಷವೂ ಗೋಡೆಯ ಮೇಲೆ ಅಂಟಿಸಬೇಕು.

ನಾಲ್ಕು, ದಾನ ಮಾಡುವ ಹೆಂಗಸನ್ನು ಮನೆಯವರಿಲ್ಲದ ಕಡೆ, ಅವಳ ಭಾಷೆಯಲ್ಲಿ, ಹೆಂಗಸೊಬ್ಬಳೇ ಮಾತಾಡಿಸಬೇಕು; ಅವಳು ಒಲ್ಲೆನೆಂದರೆ “ಒಗ್ಗಲಿಲ್ಲ” ಎಂದಷ್ಟೇ ಮನೆಯವರಿಗೆ ತಿಳಿಸಬೇಕು. ಕೊಟ್ಟ ಮೇಲೆ ಅವಳ ವಾರ್ಷಿಕ ತಪಾಸಣೆ ಬದುಕಿರುವ ತನಕ ಸರಕಾರದ ಖರ್ಚಿನಲ್ಲೇ ಆಗಬೇಕು.

ಐದನೆಯದು ಸರಕಾರದ ಮೇಲಲ್ಲ, ನಮ್ಮ ಮೇಲೆ. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ತಮ್ಮ ಮುಂದಿನ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಲಿ. ಸದಸ್ಯನ ಹೆಂಡತಿಗೋ ತಾಯಿಗೋ ಡಯಾಲಿಸಿಸ್ ಬಂದರೆ ಪಾಳಿ ಬದಲಿಸಿಕೊಡುವ, ಅಂಗಡಿ ನೋಡಿಕೊಳ್ಳುವ ಸರದಿ ಏರ್ಪಡಲಿ. ಮನೆಯ ಹೆಂಗಸಿನ ಮೂತ್ರಪಿಂಡ ಸೋತಾಗ ಗಂಡ, ಅಣ್ಣ, ತಮ್ಮ, ಬೆಳೆದ ಮಗ, ಎಲ್ಲರೂ ಮೊದಲು ರಕ್ತಪರೀಕ್ಷೆಗೆ ಹೋಗಲಿ. ಒಗ್ಗುತ್ತದೆಯೋ ಇಲ್ಲವೋ ವೈದ್ಯರು ಹೇಳಲಿ. ಈ ವಾರ ಮನೆಗೆ ಹೋದವರು ಹೆಂಡತಿಯ ಹಳೆಯ ರಕ್ತಪರೀಕ್ಷೆಯ ಚೀಟಿ ಇದ್ದರೆ ಹುಡುಕಿ ತೆಗೆಯಿರಿ, ಕ್ರಿಯಾಟಿನಿನ್ ಎಷ್ಟಿದೆ ನೋಡಿರಿ, ಅವಳನ್ನು ಕರೆದುಕೊಂಡು ಹೋಗಿ ವೈದ್ಯರನ್ನು ಕೇಳಿರಿ. ಚೀಟಿಯೇ ಇಲ್ಲವೆಂದಾದರೆ ಪರೀಕ್ಷೆ ಮಾಡಿಸುವ ಕೆಲಸ ಅಲ್ಲಿಂದಲೇ ಶುರುವಾಗಲಿ.